ಮಂಡ್ಯ ಸಿಟಿಯೋ ಟೌನೋ? ಮೂವತ್ತು ಗುಂಟೆ ಗದ್ದೆಯ ಒಂದು ಪ್ರಕರಣ

ದೊಡ್ಡಪ್ಪ ನಾಲ್ಕಾಗಿ ಮಡಚಿದ್ದ ಅಗ್ರಿಮೆಂಟ್ ಬಿಡಿಸಿ ನನ್ನ ಮೇಜಿನ ಮೇಲೆ ಹರಡಿದರು. ಎರಡನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಕೊಳ್ಳುವವರು ಕ್ರಯದ ಹಣದಲ್ಲಿ ಶೇ 1ರಷ್ಟು ಟಿಡಿಎಸ್ (ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದು ಉಳಿದದ್ದನ್ನು ಕೊಡುತ್ತಾರೆ ಎಂದು ಅಲ್ಲಿತ್ತು.

“ಗದ್ದೆ ಮಾರುದ್ರೆ ಟ್ಯಾಕ್ಸ್ ಇಲ್ಲ ಅಂತ ಊರೆಲ್ಲ ಹೇಳ್ತದೆ. ಇವ್ರು ನೋಡುದ್ರೆ ಅರವತ್ತು ಸಾವ್ರ ಹಿಡ್ಕತೀವಿ ಅಂತಾವ್ರೆ. ಯಾಕ್ಲಾ ಮಗಾ?”

ನಾನು ಮಂಡ್ಯದಲ್ಲಿ ತೆರಿಗೆ ರಿಟರ್ನ್ ಬರೆಯುವ ಕೆಲಸ ಮಾಡುತ್ತೇನೆ. ಕೊಳ್ಳುವವರ ಆಡಿಟರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. “ಸಾರ್, ಅದು ರೂರಲ್ ಲ್ಯಾಂಡ್ ಅಲ್ಲ. ಮಂಡ್ಯ ಸಿಟಿ ಪಕ್ಕದಲ್ಲೇ ಇದೆಯಲ್ಲ” ಎಂದರು ಅವರು. ಸ್ಪೀಕರ್ ಹಾಕಿದ್ದೆ, ದೊಡ್ಡಪ್ಪನಿಗೂ ಕೇಳಿಸಿತು.

“ಮಂಡ್ಯ ಯಾವಾಗ್ಲಾ ಸಿಟಿ ಆಯ್ತು? ಸಿಟಿ ಅಂದ್ರೆ ಮೈಸೂರು. ಇದು ಟೌನು.”

ಇಡೀ ಪ್ರಕರಣ ನಿಂತಿದ್ದು ಈ ಒಂದು ಮಾತಿನ ಮೇಲೆ. ಸಿಟಿ ಯಾವುದು, ಟೌನ್ ಯಾವುದು ಎಂಬ ಪ್ರಶ್ನೆಗೆ ಸರ್ಕಾರದ ಕಾಗದಗಳಲ್ಲಿ ಒಂದೇ ಉತ್ತರವಿಲ್ಲ. ಒಂದು ಕುಟುಂಬಕ್ಕೆ ಇದು 7 ಲಕ್ಷ ರೂಪಾಯಿಯ ಪ್ರಶ್ನೆಯಾಗಿತ್ತು. ಹಾಗಾಗಿ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬೇಡ ಎಂದು ದೊಡ್ಡಪ್ಪ ಹೇಳಿದ್ದಾರೆ. ಬೇರೆಲ್ಲ ಇದ್ದ ಹಾಗೆಯೇ ಇದೆ.

ಜಮೀನು ಮತ್ತು ಮಾರಾಟ

ಮೂವತ್ತು ಗುಂಟೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ. ತಾತನ ಕಾಲದಿಂದ ಬಂದದ್ದು, ಭಾಗವಾದಾಗ ದೊಡ್ಡಪ್ಪನ ಪಾಲಿಗೆ ಬಂತು. ಒಂದು ವರ್ಷ ಕಬ್ಬು, ಇನ್ನೊಂದು ವರ್ಷ ಭತ್ತ. ಊರು ಗ್ರಾಮ ಪಂಚಾಯಿತಿಗೆ ಸೇರಿದ್ದು. ಕೊಳ್ಳಲು ಬಂದವರು ಬೆಂಗಳೂರಿನವರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದು ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಇಂಥವರು ಹೆದ್ದಾರಿ ಆಚೀಚೆ ಜಾಸ್ತಿ ಓಡಾಡುತ್ತಾರೆ. ನವೆಂಬರ್ 2024ರಲ್ಲಿ 60 ಲಕ್ಷಕ್ಕೆ ಮಾತಾಯಿತು. ಮೊಮ್ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ, ಅದಕ್ಕೆ ಮಾಡಿದ ಸಾಲ ತೀರಿಸಬೇಕು. ಉಳಿದದ್ದನ್ನು ಬ್ಯಾಂಕಿನಲ್ಲಿ ಡಿಪಾಸಿಟ್ ಇಡುವುದು ಎಂದುಕೊಂಡಿದ್ದರು.

ಊರಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಳ್ಳಿಯ ಕೃಷಿ ಜಮೀನು ಆದಾಯ ತೆರಿಗೆ ಕಾನೂನಿನ ಲೆಕ್ಕದಲ್ಲಿ ‘ಬಂಡವಾಳ ಆಸ್ತಿ’ಯೇ ಅಲ್ಲ. ಮಾರಿದಾಗ ಎಷ್ಟೇ ಲಾಭ ಬಂದರೂ ತೆರಿಗೆ ಇಲ್ಲ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಕೊಳ್ಳುವವರು ಹಿಡಿಯಬೇಕಾದ ಶೇ 1ರ ಟಿಡಿಎಸ್ ಕೂಡ ಇಂಥ ಜಮೀನಿಗೆ ಅನ್ವಯಿಸುವುದಿಲ್ಲ. ಆದರೆ ‘ಹಳ್ಳಿಯ ಜಮೀನು’ ಎಂದರೆ ಏನು ಎಂಬುದನ್ನು ಕಾನೂನು ತನ್ನದೇ ರೀತಿಯಲ್ಲಿ ಹೇಳುತ್ತದೆ. ಗ್ರಾಮ ಪಂಚಾಯಿತಿ ಇದೆಯಾ, ಪಹಣಿ ಬರುತ್ತದಾ, ನೇಗಿಲು ಹೂಡುತ್ತೀರಾ, ಇವಿಷ್ಟೇ ಅದಕ್ಕೆ ಸಾಲದು. ಪಕ್ಕದಲ್ಲಿ ಯಾವ ಊರಿದೆ, ಆ ಊರಲ್ಲಿ ಎಷ್ಟು ಜನ, ಅದರ ಗಡಿ ಎಷ್ಟು ದೂರ ಎಂದು ಕೇಳುತ್ತದೆ.

ತೆರಿಗೆ ಬಿದ್ದರೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿದೆ. ಪಿತ್ರಾರ್ಜಿತ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ಆಗಿನ ಸರ್ಕಾರಿ ಮೌಲ್ಯದ ಪ್ರಕಾರ ಅದು ಒಂದೂವರೆ ಲಕ್ಷ. ಲಾಭ 58.5 ಲಕ್ಷ. ಜುಲೈ 23, 2024ರ ನಂತರದ ಮಾರಾಟಕ್ಕೆ ದರ ಶೇ 12.5. ಅಂದರೆ 7 ಲಕ್ಷದ 31 ಸಾವಿರ. ಸರ್ಚಾರ್ಜು, ಸೆಸ್ಸು ಬೇರೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಹಂಗಾರೆ ಮಂಡ್ಯ ಟೌನು ಅಂತ ಬರ್ಸು” ಎಂದರು.

ಮಂಡ್ಯ ಏನು?

ಬರೆಸುವುದಕ್ಕೆ ಆಗುತ್ತಿತ್ತಾ? ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಯಾಕೆಂದರೆ ಕೆಲವು ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ.

ಮೊದಲು ಸಂವಿಧಾನ ನೋಡಿದೆವು. 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ನಗರಾಡಳಿತ ಹೇಗಿರಬೇಕು ಎಂದು ಹೇಳುವ 243ಕ್ಯು ವಿಧಿ ಅದರಲ್ಲಿದೆ. ಆ ವಿಧಿಯಲ್ಲಿ ಊರುಗಳನ್ನು ಸಿಟಿ, ಟೌನ್ ಎಂದು ವಿಂಗಡಿಸಿಯೇ ಇಲ್ಲ! ಹಳ್ಳಿಯಿಂದ ನಗರವಾಗುತ್ತಿರುವ ಪ್ರದೇಶ, ಚಿಕ್ಕ ನಗರ ಪ್ರದೇಶ, ದೊಡ್ಡ ನಗರ ಪ್ರದೇಶ ಎಂದು ಮೂರು ಬಗೆ ಇದೆ, ಅಷ್ಟೇ. ಯಾವ ಊರು ಯಾವ ಬಗೆ ಎಂದು ರಾಜ್ಯಪಾಲರ ಹೆಸರಿನಲ್ಲಿ ಅಧಿಸೂಚನೆ ಹೊರಡಬೇಕು. ಅದಕ್ಕೆ ಮುಂಚೆ ಜನಸಂಖ್ಯೆ, ಜನ ಎಷ್ಟು ಒತ್ತಾಗಿದ್ದಾರೆ, ಸ್ಥಳೀಯ ಆದಾಯ, ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರುವವರು ಎಷ್ಟು, ಊರಿನ ಆರ್ಥಿಕ ಮಹತ್ವ, ಇವನ್ನೆಲ್ಲ ನೋಡಬೇಕು.

ಅಳತೆಯ ಅಂಕಿ ಇಟ್ಟಿರುವುದು ನಮ್ಮ ರಾಜ್ಯದ ಕಾಯ್ದೆಗಳು. 1964ರ ಪೌರಸಭೆಗಳ ಕಾಯ್ದೆಯ ಪ್ರಕಾರ 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ. 20ರಿಂದ 50 ಸಾವಿರದವರೆಗೆ ಪುರಸಭೆ. 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. 3 ಲಕ್ಷ ದಾಟಿದರೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ಒಂದು ಚದರ ಕಿಲೋಮೀಟರಿಗೆ 3,000 ಜನರಾದರೂ ಇರಬೇಕು. ಅರ್ಧದಷ್ಟು ಜನರ ಕಸುಬು ಬೇಸಾಯ ಅಲ್ಲದ್ದಾಗಿರಬೇಕು. 2011ರ ಜನಗಣತಿಯಲ್ಲಿ 3 ಲಕ್ಷ ದಾಟಿದ ತುಮಕೂರು ಆಮೇಲೆ ಮಹಾನಗರ ಪಾಲಿಕೆ ಆಯಿತು. ಅದೇ ಜನಗಣತಿಯಲ್ಲಿ ಮಂಡ್ಯದ ಜನಸಂಖ್ಯೆ 1,37,358. ಹಾಗಾಗಿ ನಗರಸಭೆ.

“ನಗರ ಅಂದ್ರೆ ಸಿಟಿ ತಾನೆ?” ಎಂದರು ದೊಡ್ಡಪ್ಪ, ಮುಖ ಚಿಕ್ಕದು ಮಾಡಿಕೊಂಡು.

ಹೌದು. ನಗರಸಭೆ ಎಂದರೆ ಇಂಗ್ಲಿಷಿನ ಕಾಗದದಲ್ಲಿ ಸಿಟಿ ಮುನಿಸಿಪಲ್ ಕೌನ್ಸಿಲ್. ಪುರಸಭೆ ಎಂದರೆ ಟೌನ್ ಮುನಿಸಿಪಲ್ ಕೌನ್ಸಿಲ್. ಈ ಲೆಕ್ಕದಲ್ಲಿ ಮಂಡ್ಯ ಸಿಟಿ. ನಂಜನಗೂಡು, ಹುಣಸೂರು ಕೂಡ ಸಿಟಿ. 2011ರಲ್ಲಿ ಆ ಎರಡೂ 50 ಸಾವಿರದ ಗೆರೆಯನ್ನು ಸ್ವಲ್ಪವೇ ಸ್ವಲ್ಪ ದಾಟಿದ್ದವು. 1799ರವರೆಗೆ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ ಈಗ ಪುರಸಭೆ. ಹಳೇ ವೈಭವ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆ ಹಿರಿಯರು ‘ಪಟ್ಣಕ್ಕೆ ಹೋಗ್ಬತ್ತೀನಿ’ ಎಂದರೆ ಈಗಲೂ ಶ್ರೀರಂಗಪಟ್ಟಣಕ್ಕೇ ಹೊರಟಿದ್ದಾರೆ ಎಂದರ್ಥ. ಆ ಮಾತು ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಜನಗಣತಿಯವರದು ಇನ್ನೊಂದು ಲೆಕ್ಕ. ಅವರಿಗೆ ಒಂದು ಲಕ್ಷ ಜನರಿದ್ದರೆ ಮೊದಲ ದರ್ಜೆ. ಅದನ್ನೇ ಸಿಟಿ ಎನ್ನುತ್ತಾರೆ. ಮಂಡ್ಯ ಅಲ್ಲಿಯೂ ಸಿಟಿ. ನಂಜನಗೂಡು ಅಲ್ಲ. ಇನ್ನೂ ಒಂದು ವಿಷಯ ಇದೆ. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಇವೆಲ್ಲವನ್ನೂ ಜನಗಣತಿ ಒಟ್ಟಾಗಿ ‘ಶಾಸನಬದ್ಧ ಟೌನ್’ ಎಂದು ಕರೆಯುತ್ತದೆ. ಆ ಪಟ್ಟಿಯಲ್ಲಿ ಮೈಸೂರೂ ಟೌನೇ. ಪಂಚಾಯಿತಿ ಆಡಳಿತದಲ್ಲೇ ಇದ್ದರೂ 5,000 ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ಕಸುಬಿನವರು ಇದ್ದರೆ ಅದು ‘ಜನಗಣತಿ ಟೌನ್’. ಮೈಸೂರಿನ ಪಕ್ಕದ ಹೂಟಗಳ್ಳಿ 2011ರಲ್ಲಿ ಹೀಗೆಯೇ ಇತ್ತು. 2020ರಲ್ಲಿ ನಗರಸಭೆ ಆಯಿತು. ಅದರ ಜೊತೆಗೇ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು.

ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ ಮತ್ತೊಂದು ಪಟ್ಟಿ. 50 ಲಕ್ಷ ದಾಟಿದ ಊರು ಎಕ್ಸ್, 5 ಲಕ್ಷ ದಾಟಿದ್ದು ವೈ, ಉಳಿದದ್ದೆಲ್ಲ ಝಡ್. ಮೈಸೂರು ವೈ. ಮಂಡ್ಯ ಝಡ್, ಹಳ್ಳಿಗಳ ಜೊತೆಗೇ. ಇಲ್ಲಿ ದೊಡ್ಡಪ್ಪನ ಮಾತೇ ಸರಿ. ಆದರೆ ಅವರು ನೌಕರರಲ್ಲ.

ನಮಗೆ ಬೇಕಾದ ಗೆರೆ

ದೊಡ್ಡಪ್ಪನ ಗದ್ದೆಗೆ ಅನ್ವಯಿಸುವುದು ಇವು ಯಾವುವೂ ಅಲ್ಲ. ಮಾರಾಟ ನಡೆದಾಗ ಜಾರಿಯಲ್ಲಿದ್ದದ್ದು 1961ರ ಆದಾಯ ತೆರಿಗೆ ಕಾಯ್ದೆ. ಅದರ 2(14)ನೇ ಸೆಕ್ಷನ್ ಊರಿನ ದರ್ಜೆ ಕೇಳುವುದೇ ಇಲ್ಲ. ಮುನಿಸಿಪಾಲಿಟಿ, ಕಾರ್ಪೊರೇಷನ್, ಟೌನ್ ಕಮಿಟಿ ಅಥವಾ ಬೇರೆ ಯಾವ ಹೆಸರಿದ್ದರೂ ಅದಕ್ಕೆ ಒಂದೇ. 10 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಇಂಥ ಊರಿನ ಗಡಿಯೊಳಗೆ ಜಮೀನಿದ್ದರೆ ಅದು ಹಳ್ಳಿಯ ಜಮೀನಲ್ಲ. ಗಡಿಯ ಹೊರಗಿದ್ದರೆ ದೂರ ನೋಡಬೇಕು. ಗಡಿಯಿಂದ ಇಷ್ಟು ದೂರದೊಳಗೆ ಇದ್ದರೂ ಅದು ಹಳ್ಳಿಯ ಜಮೀನಲ್ಲ. ಊರಿನ ಜನಸಂಖ್ಯೆ 10 ಸಾವಿರಕ್ಕಿಂತ ಜಾಸ್ತಿ, 1 ಲಕ್ಷದೊಳಗೆ ಇದ್ದರೆ 2 ಕಿಲೋಮೀಟರ್. 1 ಲಕ್ಷದಿಂದ 10 ಲಕ್ಷದವರೆಗೆ 6 ಕಿಲೋಮೀಟರ್. 10 ಲಕ್ಷ ದಾಟಿದರೆ 8 ಕಿಲೋಮೀಟರ್. ಜನಸಂಖ್ಯೆ ಎಂದರೆ ಹಿಂದಿನ ಜನಗಣತಿಯಲ್ಲಿ ಪ್ರಕಟವಾದ ಅಂಕಿ. ಈಗ ಊರಲ್ಲಿ ಎಷ್ಟು ಜನರಿದ್ದಾರೆ ಎಂಬ ಅಂದಾಜು ನಡೆಯುವುದಿಲ್ಲ.

ಇದನ್ನು ದೊಡ್ಡಪ್ಪನಿಗೆ ಹೇಳಲು ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಸುತ್ತು ಬರೆದೆ. ನಂಜನಗೂಡು, ಮಂಡ್ಯ, ಮೈಸೂರು. ನಂಜನಗೂಡಿನ ಸುತ್ತ 2 ಕಿಲೋಮೀಟರಿನ ಬಳೆ. ಮಂಡ್ಯದ ಸುತ್ತ 6. ಮೈಸೂರಿನ ಸುತ್ತಲೂ 6ಯೇ, ಯಾಕೆಂದರೆ 2011ರಲ್ಲಿ ಪಾಲಿಕೆಯ ಜನಸಂಖ್ಯೆ 9 ಲಕ್ಷದ ಒಳಗೇ ಇತ್ತು. ನಂಜನಗೂಡೂ ಮಂಡ್ಯವೂ ಆಡಳಿತದಲ್ಲಿ ಒಂದೇ ದರ್ಜೆ, ಎರಡೂ ನಗರಸಭೆ. ತೆರಿಗೆಯಲ್ಲಿ ಬೇರೆ ಬೇರೆ. ಮಂಡ್ಯ, ಮೈಸೂರು ಆಡಳಿತದಲ್ಲಿ ಬೇರೆ ಬೇರೆ. ತೆರಿಗೆಯಲ್ಲಿ ಒಂದೇ. ಅವರು ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. ಮೈಸೂರಿನ ಬಳೆಯ ಮೇಲೆ ಬೆರಳು ಸುತ್ತಿಸಿ, “ಅಷ್ಟ್ ದೊಡ್ ಊರ್ಗೂ ನಮ್ ಊರ್ಗೂ ಒಂದೇ ಬಳೆನಾ?” ಎಂದರು. ಅಲ್ಲಿಂದ ಮುಂದೆ ಅವರು ಮತ್ತೆ ಸಿಟಿ, ಟೌನು ಎನ್ನಲಿಲ್ಲ. “ಬಳೆ ಒಳಗಾ, ಹೊರಗಾ?” ಎಂದೇ ಕೇಳಿದರು.

ದೂರದ ಜಗಳ

ಎರಡು ದಿನ ಬಿಟ್ಟು ಅವರೇ ಒಂದು ಕಾಗದ ತಂದರು. ಒಂದು ಕಚೇರಿಯಲ್ಲಿ ಬರೆಸಿಕೊಂಡು ಬಂದಿದ್ದರು. ಸದರಿ ಗ್ರಾಮವು ಮಂಡ್ಯದಿಂದ 7 ಕಿ.ಮೀ. ದೂರದಲ್ಲಿದೆ ಎಂದು ಮೊಹರು, ಸಹಿ ಸಮೇತ ಇತ್ತು. ಇದಕ್ಕಾಗಿ ಎರಡು ಸಲ ಅಲೆದಿದ್ದರು, ಬಿಸಿಲಲ್ಲಿ ಒಂದಿಡೀ ಮಧ್ಯಾಹ್ನ ಕಾದಿದ್ದರು. ಬರೆದುಕೊಟ್ಟವರು ಯಾತಕ್ಕೆ ಬೇಕು ಎಂದು ಒಂದು ಮಾತು ಕೇಳಿದ್ದರೆ ಆ ಅಲೆದಾಟ ತಪ್ಪುತ್ತಿತ್ತು. ನನಗೆ ಇವತ್ತಿಗೂ ಅದರ ಬಗ್ಗೆ ಬೇಸರ ಇದೆ.

ಆ ಕಾಗದ ನಮ್ಮ ಕೆಲಸಕ್ಕೆ ಬರಲಿಲ್ಲ. ಅದರಲ್ಲಿ ಎರಡು ತಪ್ಪಿತ್ತು. ಮೊದಲನೆಯದು, ಅಳೆದದ್ದು ರಸ್ತೆಯಲ್ಲಿ. 2013ರ ಹಣಕಾಸು ಕಾಯ್ದೆ ಬಂದಮೇಲೆ ನೇರ ಆಕಾಶ ದೂರವನ್ನೇ ಹಿಡಿಯಬೇಕು. ಹಕ್ಕಿ ಹಾರಿದರೆ ಎಷ್ಟು ದೂರವೋ ಅಷ್ಟು. ನಾಲೆ ಬಳಸಿ, ಸೇತುವೆ ದಾಟಿ, ತಿರುವು ಹಾಕಿಕೊಂಡು ಬರುವ ರಸ್ತೆ ಬೇಡ. ಎರಡನೆಯದು ಇನ್ನೂ ದೊಡ್ಡದು. ‘ಮಂಡ್ಯದಿಂದ’ ಎಂದರೆ ಎಲ್ಲಿಂದ? ದೊಡ್ಡಪ್ಪನ ಲೆಕ್ಕ ಸಂಜಯ ಸರ್ಕಲ್ಲಿನಿಂದ. ಬೈಕಿನ ಮೀಟರ್ ನೋಡಿಕೊಂಡು ಮೂರು ಸಲ ಓಡಾಡಿದ್ದರಂತೆ. ಕಾನೂನು ಕೇಳುವುದು ನಗರಸಭೆಯ ಗಡಿಯಿಂದ. ಪೇಟೆ ಬೀದಿಯಿಂದಲ್ಲ, ಬಸ್ ಸ್ಟ್ಯಾಂಡಿನಿಂದಲ್ಲ.

ಗಡಿ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಸ್ವಾಗತ ಕಮಾನು ಗಡಿಯಲ್ಲ. ಅದನ್ನು ಎಲ್ಲಿ ಬೇಕಾದರೂ ಕಟ್ಟಿರುತ್ತಾರೆ. ನಾವು ಮಾಡಿದ್ದು ಇಷ್ಟು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಗದ್ದೆಯ ಸರ್ವೆ ನಂಬರ್ ಹುಡುಕಿ ಜಾಗ ಗುರುತು ಮಾಡಿಕೊಂಡೆವು. ನಗರಸಭೆಯ ಗಡಿ ನಕ್ಷೆ ತಂದೆವು. ಗದ್ದೆಯ ಕಡೆಗೆ ಚಾಚಿರುವ ಗಡಿಯ ಮೂಲೆ ಯಾವುದು ಎಂದು ನೋಡಿದೆವು. ಅಲ್ಲಿಂದ ಗದ್ದೆಯ ಬದುವಿಗೆ ನೇರ ಗೆರೆ ಎಳೆದೆವು. 4.2 ಕಿಲೋಮೀಟರ್ ಬಂತು. ಆಮೇಲೆ ಸರ್ವೆಯವರಿಂದ ಅಳತೆ ಬರೆಸಿ ಫೈಲಿಗೆ ಹಾಕಿದೆ.

ಬಳೆಯ ಒಳಗೆ. ಅನುಮಾನವೇ ಉಳಿಯಲಿಲ್ಲ. 60 ಸಾವಿರ ಹಿಡಿದದ್ದು ಸರಿ. ಕೊಳ್ಳುವವರು ಹಿಡಿಯದೇ ಇದ್ದಿದ್ದರೆ ಅವರಿಗೇ ನೋಟಿಸ್ ಬರುತ್ತಿತ್ತು. ಆ ಹಣ ಎಲ್ಲೂ ಹೋಗುವುದಿಲ್ಲ, ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗಿರುತ್ತದೆ, ರಿಟರ್ನ್ ಹಾಕುವಾಗ ಕಳೆದುಕೊಳ್ಳಬಹುದು ಎಂದು ಹೇಳಿದಮೇಲೆ ದೊಡ್ಡಪ್ಪ ಕ್ರಯಕ್ಕೆ ಒಪ್ಪಿದರು. ಡಿಸೆಂಬರಿನಲ್ಲಿ ರಿಜಿಸ್ಟ್ರೇಷನ್ ಆಯಿತು.

ರೆಡಿಂಗ್‌ನಿಂದ ಬಂದ ಫೋನು

ರಿಜಿಸ್ಟ್ರೇಷನ್ ಆದ ರಾತ್ರಿ ಮೊಮ್ಮಗಳು ವಿಡಿಯೋ ಕಾಲ್ ಮಾಡಿದಳು. ಅವಳು ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ತಾತ ಎಲ್ಲ ಕಥೆ ಹೇಳಿ, “ನಿಮ್ದು ಸಿಟಿನಾ ಕಂದ?” ಎಂದು ಕೇಳಿದರು.

“ಇಲ್ಲ ತಾತ, ಇದು ಟೌನು. ಮಂಡ್ಯಕ್ಕಿಂತ ದೊಡ್ಡದು. ಆದ್ರೂ ಟೌನು.”

ನಾನು ಪಕ್ಕದಲ್ಲೇ ಇದ್ದೆ. ಅವಳು ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ ಸಿಟಿ ಆಗಲು ಜನಸಂಖ್ಯೆಯ ಗೆರೆ ಇಲ್ಲ, ಆದಾಯದ ಗೆರೆ ಇಲ್ಲ. ರಾಜ ಅಥವಾ ರಾಣಿ ಸನ್ನದು ಕೊಟ್ಟರೆ ಸಿಟಿ, ಇಲ್ಲದಿದ್ದರೆ ಟೌನ್. ದೊಡ್ಡ ಚರ್ಚು ಇದ್ದರೆ ಸಿಟಿ ಎಂದು ಅಲ್ಲಿನ ಜನರೂ ಬಹಳ ಮಂದಿ ನಂಬಿದ್ದಾರೆ. ಅದೂ ನಿಯಮವಲ್ಲ. ವೇಲ್ಸ್‌ನ ಸೇಂಟ್ ಡೇವಿಡ್ಸ್‌ನಲ್ಲಿ ಎರಡು ಸಾವಿರ ಜನರೂ ಇಲ್ಲ, ನಮ್ಮ ಕಡೆಯ ಒಂದು ಸಾಧಾರಣ ಹಳ್ಳಿಯಷ್ಟು. ಅದು ಸಿಟಿ. ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನರಿರುವ ರೆಡಿಂಗ್ ಹಲವು ಸಲ ಅರ್ಜಿ ಹಾಕಿದರೂ ಸಿಗಲಿಲ್ಲ. 2022ರಲ್ಲಿ ರಾಣಿಯ ಆಳ್ವಿಕೆಗೆ 70 ವರ್ಷ ತುಂಬಿದ ಸಂದರ್ಭದಲ್ಲಿ ಮಿಲ್ಟನ್ ಕೀನ್ಸ್, ಡಾಂಕಾಸ್ಟರ್ ಮೊದಲಾದ ಎಂಟು ಊರಿಗೆ ಕೊಟ್ಟರು. ಆಗಲೂ ರೆಡಿಂಗ್ ಇರಲಿಲ್ಲ.

ನನಗೆ ಹೆಚ್ಚು ಮನಸ್ಸಿಗೆ ತಟ್ಟಿದ್ದು ರಾಚೆಸ್ಟರ್ ಕಥೆ. ನೂರಾರು ವರ್ಷ ಸಿಟಿಯಾಗಿದ್ದ ಊರು. 1998ರಲ್ಲಿ ಅಲ್ಲಿನ ಸ್ಥಳೀಯ ಆಡಳಿತವನ್ನು ಅಕ್ಕಪಕ್ಕದ್ದರ ಜೊತೆ ಸೇರಿಸಿದರು. ಆ ಸ್ಥಾನಮಾನ ಉಳಿಸಿಕೊಳ್ಳಲು ಕೆಲವರನ್ನು ನೇಮಿಸಬೇಕಿತ್ತು, ನೇಮಿಸಲಿಲ್ಲ. ಸಿಟಿ ಎಂಬ ಪಟ್ಟ ಹೋಯಿತು. ಹೋಗಿದೆ ಎಂಬುದು ಅಲ್ಲಿನವರ ಗಮನಕ್ಕೆ ಬಂದದ್ದೇ 2002ರಲ್ಲಿ.

ಅಲ್ಲಿ ಅದು ಗೌರವದ ಮಾತು. ಸಿಟಿ ಆದರೆ ಹೆಚ್ಚಿನ ಅಧಿಕಾರ ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ನಮ್ಮಲ್ಲಿ ದರ್ಜೆ ಬದಲಾದರೆ ಬದುಕೇ ಬದಲಾಗುತ್ತದೆ. ಗ್ರಾಮ ಪಂಚಾಯಿತಿಯ ಊರು ನಗರಸಭೆಗೆ ಸೇರಿದರೆ ಗ್ರಾಮೀಣ ಉದ್ಯೋಗ ಯೋಜನೆಯ ಕೂಲಿ ಕೆಲಸ ಇಲ್ಲ. ಮನೆ ಖಾತೆ 9, 11ರ ನಮೂನೆಯಿಂದ 3ನೇ ನಮೂನೆಗೆ ಹೋಗುತ್ತದೆ. ತೆರಿಗೆ ದರ ಬೇರೆ. ಊರು ಸೇರಿಸುತ್ತಾರೆ ಎಂದಾಗ ಹಳ್ಳಿಯವರು ಯಾಕೆ ತಕರಾರು ಮಾಡುತ್ತಾರೆ ಎಂದು ಕೇಳುವವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಅದು ಸುಮ್ನೆ ಹಠವಲ್ಲ.

ಮುಂದೆ ಏನು ಮಾಡಿದೆವು

ಬಳೆ ಒಳಗಿದ್ದರೂ ದಾರಿ ಇತ್ತು. ಆದಾಯ ತೆರಿಗೆ ಕಾಯ್ದೆಯ 54ಬಿ ಸೆಕ್ಷನ್. ಮಾರುವ ಮುಂಚಿನ ಎರಡು ವರ್ಷ ತಾನು ಅಥವಾ ತನ್ನ ತಂದೆ ತಾಯಿ ಆ ಜಮೀನಿನಲ್ಲಿ ಬೇಸಾಯ ಮಾಡಿದ್ದರೆ, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ, ಅದಕ್ಕೆ ಹಾಕಿದ ಹಣದಷ್ಟು ಲಾಭಕ್ಕೆ ತೆರಿಗೆ ಇಲ್ಲ. ಹೊಸ ಜಮೀನನ್ನು ಮೂರು ವರ್ಷ ಮಾರಬಾರದು.

ಬೇಸಾಯ ಮಾಡಿದ್ದಕ್ಕೆ ಸಾಕ್ಷಿ ಬೇಕು. ಪಹಣಿ ತೆಗೆಸಿದೆ. 9ನೇ ಕಾಲಂನಲ್ಲಿ ದೊಡ್ಡಪ್ಪನ ಹೆಸರು ಸರಿಯಾಗಿತ್ತು. ಜನ ಸಾಮಾನ್ಯವಾಗಿ ನೋಡದೇ ಬಿಡುವುದು 12ನೇ ಕಾಲಂ, ಬೆಳೆ ಬರೆಯುವ ಜಾಗ. ಅಲ್ಲಿ ಎರಡೂ ವರ್ಷದ ಬೆಳೆ ನಮೂದಾಗಿತ್ತು. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ಚೀಟಿಗಳನ್ನು ದೊಡ್ಡಮ್ಮ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಇಟ್ಟಿದ್ದರು. ಅರಿಶಿನದ ಕಲೆ ಹತ್ತಿದ್ದ ಆ ಚೀಟಿಗಳೂ ಫೈಲಿಗೆ ಬಂದವು.

ಬ್ಯಾಂಕ್ ಡಿಪಾಸಿಟ್ ಯೋಚನೆ ಬಿಟ್ಟು ಜಮೀನು ಹುಡುಕಲು ಶುರು ಮಾಡಿದೆವು. ಮನೆ ಕಟ್ಟಿದರೂ ಬೇರೆ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ ಎಂದೆ. ಅವರು ಒಪ್ಪಲಿಲ್ಲ. “ನೆಲ ಕೊಟ್ಟು ನೆಲನೇ ತಕ್ಕತೀನಿ” ಎಂದರು. ನಾಗಮಂಗಲದ ಕಡೆ ಎರಡು ಕಡೆ ನೋಡಿದೆವು. ದಾಖಲೆ ಸರಿ ಬರಲಿಲ್ಲ. ರಿಟರ್ನ್ ಹಾಕುವ ಕೊನೇ ದಿನಾಂಕ ಹತ್ತಿರ ಬಂತು. ಅಷ್ಟರೊಳಗೆ ಜಮೀನು ಸಿಗದಿದ್ದರೆ ಆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ (ಇಂಥ ಲಾಭದ ಹಣ ಇಡಲೆಂದೇ ಇರುವ ಖಾತೆ) ಹಾಕಬೇಕು. ಮಾಮೂಲಿ ಉಳಿತಾಯ ಖಾತೆಯಲ್ಲಿ ಇಟ್ಟರೆ ಆಗುವುದಿಲ್ಲ.

ಇಲ್ಲಿ ಮತ್ತೊಂದು ಗೆರೆ ಅಡ್ಡ ಬಂತು. ದೊಡ್ಡಪ್ಪನ ಖಾತೆ ಇರುವುದು ಹೋಬಳಿಯ ಶಾಖೆಯಲ್ಲಿ. ಅಲ್ಲಿ ಈ ಖಾತೆ ತೆರೆಯಲು ಬರುವುದಿಲ್ಲ ಎಂದರು. ಅವರು ಹೇಳಿದ್ದು ನಿಯಮ. ಈ ಯೋಜನೆಯಲ್ಲಿ ಗ್ರಾಮೀಣ ಶಾಖೆಗಳಿಗೆ ಅವಕಾಶ ಇಲ್ಲ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಲೆಕ್ಕ ಇನ್ನೊಂದು ಇದೆ. 10 ಸಾವಿರಕ್ಕಿಂತ ಕಡಿಮೆ ಜನರಿರುವ ಊರಿನ ಶಾಖೆ ಗ್ರಾಮೀಣ. 10 ಸಾವಿರದಿಂದ ಲಕ್ಷದವರೆಗೆ ಅರೆ ನಗರ. ಲಕ್ಷದಿಂದ 10 ಲಕ್ಷದವರೆಗೆ ನಗರ. ಅದರಾಚೆ ಮಹಾನಗರ.

“ಗದ್ದೆ ಮಾರೋವಾಗ ಹಳ್ಳಿ ಅಲ್ಲ ಅಂದ್ರು. ದುಡ್ಡ್ ಇಡೋವಾಗ ಹಳ್ಳಿ ಅಂತಾರೆ” ಎಂದು ದೊಡ್ಡಪ್ಪ ಶಾಖೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರಿಗೆ 71 ವರ್ಷ. ಕೋಪಕ್ಕಿಂತ ದಣಿವು ಜಾಸ್ತಿ ಇತ್ತು. ಆವತ್ತು ಅವರಿಗೆ ಕೊಡಲು ನನ್ನ ಹತ್ತಿರ ಸಮಾಧಾನ ಇರಲಿಲ್ಲ. ಕಾರಿನಲ್ಲಿ ಮಂಡ್ಯದ ಶಾಖೆಗೆ ಕರೆದುಕೊಂಡು ಬಂದು 45 ಲಕ್ಷ ಜಮಾ ಮಾಡಿಸಿದೆ. ಉಳಿದದ್ದರಲ್ಲಿ ಮೊಮ್ಮಗಳ ಓದಿನ ಸಾಲ ತೀರಿತು.

ಆಮೇಲೆ ಕೆ.ಆರ್. ಪೇಟೆ ಕಡೆ ಒಂದು ಎಕರೆ ಚಿಲ್ಲರೆ ಸಿಕ್ಕಿತು. ಬೋರ್‌ವೆಲ್ ಇದೆ, ಇಪ್ಪತ್ತು ತೆಂಗಿನ ಮರ ಇವೆ. ದಾಖಲೆ ಸ್ವಚ್ಛವಾಗಿತ್ತು. 45 ಲಕ್ಷವೂ ಅದಕ್ಕೇ ಹೋಯಿತು. 58.5 ಲಕ್ಷದ ಲಾಭದಲ್ಲಿ 45 ಲಕ್ಷಕ್ಕೆ ವಿನಾಯಿತಿ. 13.5 ಲಕ್ಷಕ್ಕೆ ಮಾತ್ರ ತೆರಿಗೆ ಲೆಕ್ಕ ಹಾಕಿದೆ. 7 ಲಕ್ಷ ದಾಟುತ್ತಿದ್ದದ್ದು ಎರಡು ಲಕ್ಷದೊಳಗೆ ಮುಗಿಯಿತು. ಹಿಡಿದಿದ್ದ 60 ಸಾವಿರ ಅದರಲ್ಲೇ ವಜಾ ಆಯಿತು.

ಇದನ್ನು ಬರೆಯುವ ವಾರ ತಿ. ನರಸೀಪುರ ರಸ್ತೆ ಕಡೆಯ ಒಬ್ಬರು ಬಂದಿದ್ದರು. ದೊಡ್ಡಪ್ಪನೇ ಕಳಿಸಿದ್ದು. ಅವರ ಹೊಲ ಮೈಸೂರು ಪಾಲಿಕೆಯ ಗಡಿಯಿಂದ ನೇರ ದೂರದಲ್ಲಿ 7 ಕಿಲೋಮೀಟರ್. ಹತ್ತಿರದಲ್ಲಿ ಬೇರೆ ಪಟ್ಟಣ ಪಂಚಾಯಿತಿಯ ಬಳೆ ಬೀಳುವುದಿಲ್ಲ, ನೋಡಿದೆ. ಇವತ್ತಿಗೆ ಅವರು ಹೊರಗಿದ್ದಾರೆ. ಆದರೆ ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರಲ್ಲಿ ಮೈಸೂರು 10 ಲಕ್ಷ ದಾಟಿ ಆ ಅಂಕಿ ಪ್ರಕಟವಾದರೆ 6ರ ಬಳೆ 8 ಆಗುತ್ತದೆ. ಹೊಲ ಇದ್ದಲ್ಲೇ ಇರುತ್ತದೆ, ಅದರಲ್ಲಿ ರಾಗಿಯೇ ಬೆಳೆಯುತ್ತಿರುತ್ತದೆ. ಮಾರಲು ಅವರಿಗೆ ಇಷ್ಟವಿಲ್ಲ, ಮಗನ ಒತ್ತಾಯ. ಆ ಹಳೇ ಕ್ಯಾಲೆಂಡರಿನ ಹಾಳೆ ತೆಗೆದು ಮೈಸೂರಿನ ಸುತ್ತ ಪೆನ್ಸಿಲಿನಲ್ಲಿ ಇನ್ನೊಂದು ಸುತ್ತು ಎಳೆದು ತೋರಿಸಿದೆ. ಅವರು ಅದನ್ನು ಮಗನಿಗೆ ತೋರಿಸಬೇಕು ಎಂದು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು.